ಜೊತೆಗೆ ಬಂದವಳು

ಮಾನಸಿಕ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆ ಎಂದು ಹೇಳಿದರೆ ನಮ್ಮ ಧಾರವಾಡದ ಬಂಧುಬಳಗದಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಮದುವೆ ಮುಂಜಿಗಳಲ್ಲಿ ಸಿಕ್ಕವರು, “ಅಂದ್ರ ನೀನು ಡಾಕ್ಟರೋ, ನರ್ಸೋ?” ಎನ್ನುತ್ತಿದ್ದರು. ಎರಡೂ ಅಲ್ಲ ಎಂದರೆ, “ಮತ್ತ ಅಲ್ಲಿ ಏನ ಮಾಡ್ತಿ?” ಎಂಬ ಪ್ರಶ್ನೆ. ಕುಳಿತು ಮಾತು ಕೇಳುತ್ತೇನೆ ಎಂದರೆ ನಕ್ಕುಬಿಡುತ್ತಿದ್ದರು. ಈಗ ಇದೇ ಓದು ಮುಗಿಸಿ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು ಆಗಾಗ ಫೋನ್ ಮಾಡಿ ಅದನ್ನೇ ಕೇಳುತ್ತಾರೆ: “ಮೇಡಂ, ಪುಸ್ತಕದಲ್ಲಿ ಇರೋದು ಗೊತ್ತು. ನಿಜವಾಗಿ ಹೇಗಿರುತ್ತೆ?” ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಬರುವವರ ಹೆಸರು ಬದಲಿಸಿದ್ದೇನೆ. ಯಾರ ಕಥೆಯೋ ಅವಳನ್ನು ಕೇಳಿಯೇ ಬರೆದಿದ್ದೇನೆ.

ನನ್ನ ಯಜಮಾನರಿಗೆ ರೈಲ್ವೆಯಲ್ಲಿ ನೌಕರಿ. ಗುಜರಾತಿನ ವಡೋದರಕ್ಕೆ ವರ್ಗವಾದಾಗ ಅಲ್ಲಿನ ಗೋರ್ವಾ ಬಡಾವಣೆಯಲ್ಲಿ ಮನೆ ಮಾಡಿದೆವು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ನನಗೂ ಕೆಲಸ ಸಿಕ್ಕಿತು. ನನ್ನ ಮೇಲಧಿಕಾರಿ ಡಾಕ್ಟರ್ ಮೀನಾಬೆನ್; ಅಲ್ಲಿ ಹೆಂಗಸರನ್ನೆಲ್ಲ ಬೆನ್, ಅಂದರೆ ಅಕ್ಕ, ಎಂದೇ ಕರೆಯುವುದು. ಗಿಡ್ಡ ಆಕೃತಿ, ಇಸ್ತ್ರಿ ಮಾಡಿದ ಕಾಟನ್ ಸೀರೆ, ಒರಟು ಮಾತು. ನನ್ನ ಗುಜರಾತಿ ಕೇಳಿ ಅವರು ಕಣ್ಣೀರು ಬರುವಷ್ಟು ನಗುತ್ತಿದ್ದರು. ಆದರೆ ರೋಗಿಯ ಎದುರು ಅವರಷ್ಟು ಮೃದುವಾಗಿ ಕೂರುವವರನ್ನು ನಾನು ಮತ್ತೆ ನೋಡಿಲ್ಲ.

ಹೊಸ ಕಂಪೆನಿಗೆ ಸ್ಟಾರ್ಟಪ್ ಎಂಬ ಪದ ಆಗಿನ್ನೂ ಇರಲಿಲ್ಲ. ಇದ್ದವರು ಕಾರ್ಖಾನೆಯವರು. ಗೋರ್ವಾದ ಕೈಗಾರಿಕಾ ವಸಾಹತಿನಲ್ಲಿ ಸಣ್ಣ ಶೆಡ್ ಹಾಕಿಕೊಂಡು ಪೈಪಿನ ವಾಲ್ವ್ ತಯಾರಿಸುತ್ತಿದ್ದ ರಮಣಭಾಯಿ ಒಮ್ಮೆ ನಮ್ಮಲ್ಲಿಗೆ ಬಂದರು. ದೂರು ಏನೆಂದರೆ ಗ್ಯಾಸ್. ಹೊಟ್ಟೆಯ ಡಾಕ್ಟರುಗಳಿಗೆಲ್ಲ ತೋರಿಸಿ ಸೋತು, ಕೊನೆಗೆ ಯಾರೋ ನಮ್ಮಲ್ಲಿಗೆ ಕಳಿಸಿದ್ದರು. ಮೀನಾಬೆನ್ ರಮಣಭಾಯಿಯ ಹೊಟ್ಟೆಯ ಕಥೆಯನ್ನು ಪೂರ್ತಿ ಕೇಳಿದರು. ಆಮೇಲೆ ಅದೇ ದನಿಯಲ್ಲಿ, “ರಮಣಭಾಯಿ, ಸತ್ತು ಹೋದರೆ ಒಳ್ಳೆಯದು ಅಂತ ಯಾವಾಗಾದರೂ ಅನ್ನಿಸುತ್ತದೆಯೇ?” ಎಂದು ಕೇಳಿದರು.

ನಾನು ಬೆಚ್ಚಿಬಿದ್ದೆ. ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಯೊಳಗೆ ಹಾಕಿದಂತಾಗುವುದಿಲ್ಲವೇ? ಆದರೆ ಆ ದಪ್ಪ ಮೀಸೆಯ ಮನುಷ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಹೌದು ಹೌದು ಎಂದು ಅಳತೊಡಗಿದರು. ಹೋಗುವಾಗ ಅವರ ಭುಜಗಳು ಇಳಿದಿದ್ದವು. ಬಂದಾಗ ಅವು ಕಿವಿಯವರೆಗೆ ಏರಿದ್ದವು ಎಂಬುದು ನನಗೆ ಆಗಲೇ ತಿಳಿದದ್ದು.

ಆಮೇಲೆ ಮೀನಾಬೆನ್ ನನಗೆ ಹೇಳಿದರು: “ಆ ಯೋಚನೆಯನ್ನು ನಾವು ಹಾಕಬೇಕಾಗಿಲ್ಲ ವಿಮಲಾ. ಅವರ ಹತ್ತಿರ ಅದು ಆಗಲೇ ಇರುತ್ತದೆ. ಕೇಳಿದರೆ ಇಳಿಸಲು ಒಂದು ಜಾಗ ಸಿಗುತ್ತದೆ, ಅಷ್ಟೇ.” ರಮಣಭಾಯಿ ಔಷಧ ತೆಗೆದುಕೊಂಡರು, ಗುಣವಾದರು. ಅವರ ಶೆಡ್ಡಿನ ಮುಂದೆ ಹಾದುಹೋಗುವಾಗ ಕೆಲಸಗಾರರ ಮೇಲೆ ಅವರು ಕೂಗಾಡುವುದು ಕೇಳಿದರೆ ನನಗೆ ಖುಷಿಯಾಗುತ್ತಿತ್ತು.

ಆಸ್ಪತ್ರೆಯಿಂದ ನಿವೃತ್ತಳಾದ ಮೇಲೆ ಅಹಮದಾಬಾದಿನ ಒಂದು ಕೇಂದ್ರದವರು ಕರೆದರು. ಹೊಸ ಕಂಪೆನಿಗಳನ್ನು ಶುರುಮಾಡುವ ಹುಡುಗ ಹುಡುಗಿಯರಿಗೆ ಜಾಗ, ಸಲಹೆ, ಸಂಪರ್ಕ ಒದಗಿಸುವ ಕೇಂದ್ರ ಅದು. ಅಲ್ಲಿನ ಒಬ್ಬ ಹುಡುಗ ತನ್ನ ಕಂಪೆನಿಯನ್ನೂ ಊರನ್ನೂ ಬಿಟ್ಟು ಕೆಲವು ದಿನ ನಾಪತ್ತೆಯಾಗಿದ್ದನಂತೆ. ಸಿಕ್ಕಿದ, ಕ್ಷೇಮವಾಗಿದ್ದ. ಆದರೂ ನಿರ್ದೇಶಕರು ಹೆದರಿಹೋಗಿದ್ದರು. ವಾರಕ್ಕೆರಡು ದಿನ ಬಂದು ಕುಳಿತುಕೊಳ್ಳಿ ಎಂದರು. ಮನೋವೈದ್ಯರಾಗಿ ಮೀನಾಬೆನ್ ಕೂಡ ವಾರಕ್ಕೊಮ್ಮೆ ಬರಲು ಒಪ್ಪಿದರು.

ನಿರ್ದೇಶಕರು ನನಗೆಂದು ಪ್ರೀತಿಯಿಂದ ಒಂದು ಕೋಣೆ ಮಾಡಿಸಿದ್ದರು. ಕಟ್ಟಡದ ನಟ್ಟನಡುವೆ, ನಾಲ್ಕೂ ಕಡೆ ಗಾಜು! ಅಲ್ಲಿ ಎಲ್ಲವೂ ಗಾಜಿನದೇ. ಮುಚ್ಚುಮರೆ ಇರಬಾರದು ಎಂಬುದು ಅವರ ಧ್ಯೇಯವಂತೆ. ನಾನು ಅದರೊಳಗೆ ಅಂಗಡಿಯಲ್ಲಿಟ್ಟ ಗೊಂಬೆಯ ಹಾಗೆ ಕುಳಿತಿರುತ್ತಿದ್ದೆ. ಹುಡುಗರು ಹೊರಗಿನಿಂದಲೇ ನಗುತ್ತ ಕೈ ಬೀಸಿ ಹೋಗುತ್ತಿದ್ದರು. ಒಳಗೆ ಮಾತ್ರ ಯಾರೂ ಬರಲಿಲ್ಲ. ಕೊನೆಗೆ ನಾನೇ ಹಟ ಹಿಡಿದು, ಹಿಂಭಾಗದಲ್ಲಿ ಹಳೆಯ ಕುರ್ಚಿಗಳನ್ನು ಪೇರಿಸಿಟ್ಟಿದ್ದ ಕೋಣೆಯನ್ನು ಖಾಲಿ ಮಾಡಿಸಿಕೊಂಡೆ. ಅದಕ್ಕೆ ಮರದ ಬಾಗಿಲಿತ್ತು. ಆ ವಾರವೇ ಬಾಗಿಲು ತಟ್ಟಿದ ಸದ್ದು ಕೇಳಿತು.

ಈ ಹೊಸ ತಲೆಮಾರಿನವರು ರಮಣಭಾಯಿಯ ಹಾಗಲ್ಲ. ಅವರಿಗೆ ಗ್ಯಾಸ್ ಇಲ್ಲ. ಸ್ಟ್ರೆಸ್, ಆಂಗ್ಸೈಟಿ, ಬರ್ನ್‌ಔಟ್ ಎಲ್ಲ ಬಾಯಿಪಾಠ. ಮೊದಮೊದಲು, ಅಬ್ಬಾ, ಎಷ್ಟು ಸುಲಭವಾಗಿ ಹೇಳಿಕೊಳ್ಳುತ್ತಾರೆ ಎಂದು ಬೆರಗಾಗುತ್ತಿದ್ದೆ. ಬರಬರುತ್ತ ಬೇರೆಯೇ ತೋರಿತು. ರಮಣಭಾಯಿಗೆ ಹೇಳಲು ಪದವಿರಲಿಲ್ಲ. ಇವರಿಗೆ ಪದಗಳು ಎಷ್ಟಿದ್ದವೆಂದರೆ ಅವುಗಳ ಹಿಂದೆ ನಿಂತರೆ ಯಾರಿಗೂ ಕಾಣಿಸುತ್ತಿರಲಿಲ್ಲ.

ವಡೋದರದಿಂದ ಬರುವ ರೈಲಿನಲ್ಲಿ ನಾನು ಅಹಮದಾಬಾದಿಗೆ ಮೊದಲು ಸಿಗುವ ಮಣಿನಗರದಲ್ಲೇ ಇಳಿದುಬಿಡುತ್ತಿದ್ದೆ. ಸ್ಟೇಷನ್ನಿನ ಹತ್ತಿರ ಸದಾನಂದ ಎಂಬವರ ಉಡುಪಿ ಹೋಟೆಲಿದೆ. ಇಡ್ಲಿ ತಿನ್ನಲು ಹೋಗಿ, ಕನ್ನಡ ಮಾತಾಡಲು ಕುಳಿತುಬಿಡುತ್ತಿದ್ದೆ. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ದೇವರ ಪಟದ ಪಕ್ಕ, ಗುಜರಾತಿ ಪತ್ರಿಕೆಯ ಒಂದು ತುಂಡಿಗೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಅದರಲ್ಲಿ ಕೈಕಟ್ಟಿ ನಿಂತು ನಗುತ್ತಿರುವ ಒಬ್ಬ ಹುಡುಗಿ.

“ನಮ್ಮ ಮಗಳು ಚೈತ್ರಾ, ಮೇಡಂ,” ಎಂದರು ಸದಾನಂದರು. “ಸೂರತ್‌ನಲ್ಲಿ ಕಂಪೆನಿ ಮಾಡಿದ್ದಾಳೆ. ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನವರು ನೀರು ಹೊರಗೆ ಬಿಡ್ತಾರಲ್ಲ, ಅದರಲ್ಲಿ ಎಷ್ಟು ಬಣ್ಣ ವೇಸ್ಟ್ ಆಗ್ತದೆ ಅಂತ ಹೇಳುವ ಮಿಷನ್. ನನಗೆ ಅದರ ತಲೆಬುಡ ತಿಳಿಯೂದಿಲ್ಲ. ಆದರೆ ದೊಡ್ಡ ದೊಡ್ಡ ಸೇಠ್‌ಗಳು ಇವಳ ಮಾತು ಕೇಳ್ತಾರೆ!”

ಚೈತ್ರಾಳನ್ನು ನಾನು ಆಗಲೇ ಬಲ್ಲೆ. ಆದರೆ ಅವಳು ಸದಾನಂದರ ಮಗಳೆಂದು ಗೊತ್ತಿರಲಿಲ್ಲ. ಅವಳ ಕಂಪೆನಿ ಶುರುವಾದದ್ದು ನಮ್ಮ ಕೇಂದ್ರದಲ್ಲೇ. ಪ್ರತಿ ವಾರವೂ ಅವಳು ಸೂರತ್‌ನಿಂದ ಬರುತ್ತಿದ್ದಳು, ತನಗಾಗಿ ಅಲ್ಲ, ಪಾಲುದಾರ ಹರ್ಷನನ್ನು ಕರೆದುಕೊಂಡು. ಹರ್ಷ ಸೂರತ್‌ನ ಗುಜರಾತಿ ಹುಡುಗ, ಇಂಜಿನಿಯರು. ಇದ್ದಕ್ಕಿದ್ದ ಹಾಗೆ ಎದೆ ಡವಡವ ಹೊಡೆದುಕೊಂಡು, ಉಸಿರು ಸಿಕ್ಕಿ, ಈಗಲೇ ಪ್ರಾಣ ಹೋಗುತ್ತದೆ ಎನ್ನಿಸುವ ಕಾಯಿಲೆ ಅವನಿಗೆ. ಲಿಫ್ಟು ಹತ್ತುತ್ತಿರಲಿಲ್ಲ. ನಾಲ್ಕು ಜನರೆದುರು ಮಾತಾಡುತ್ತಿರಲಿಲ್ಲ. ಅವನ ಔಷಧದ ಹೊತ್ತು, ಮುಂದಿನ ಭೇಟಿಯ ದಿನ ಎಲ್ಲ ಚೈತ್ರಾಳಿಗೇ ನೆನಪು. ಅವನು ಒಳಗಿರುವಾಗ ಅವಳು ಹೊರಗೆ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದಳು. ಎಂಥ ಒಳ್ಳೆಯ ಗೆಳತಿ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಸದಾನಂದರು ಪಟ ತೋರಿಸಿದ ಮರುವಾರ. ಹರ್ಷ ಒಳಗೆ ಮೀನಾಬೆನ್ ಹತ್ತಿರ ಮಾತಾಡುತ್ತಿದ್ದ. ಚೈತ್ರಾ ಹೊರಗೆ ಯಾರೊಂದಿಗೋ ಫೋನಿನಲ್ಲಿದ್ದಳು. ಅವಳ ಇಂಗ್ಲಿಷ್ ಕೇಳುತ್ತ ಬಾಗಿಲಲ್ಲೇ ನಿಂತುಬಿಟ್ಟೆ. ಮಾತಿಗೆ ಮಾತು ಪೋಣಿಸಿದಂತೆ ಬರುತ್ತಿತ್ತು. ಈ ವರ್ಷ ಇಷ್ಟು ಮಿಲ್ಲು, ಬರುವ ವರ್ಷ ಬೇರೆ ರಾಜ್ಯ. ನಡುವೆ ಹಾರುವ ನಗು. ಫೋನಿಟ್ಟಳು. ನಾನು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಕೇಳಿದೆ:

“ನೀ ಸದಾನಂದರ ಮಗಳಂತಲ್ಲ? ಊಟ ಆತೇನವ್ವಾ?”

ಅವಳು ಬೆಚ್ಚಿ ತಿರುಗಿದಳು. ಕನ್ನಡ ಅವಳಿಗೆ ಮನೆಯೊಳಗಿನ ಭಾಷೆ. ಶಾಲೆಯಲ್ಲಿ ಕಲಿತದ್ದಲ್ಲ, ಗೆಳೆಯರೊಂದಿಗೆ ಆಡಿದ್ದಲ್ಲ. ಚಿಕ್ಕಂದಿನಲ್ಲಿ ಅಮ್ಮನಿಂದ ಕೇಳಿದಷ್ಟೇ ಅವಳ ಬಳಿ ಉಳಿದಿತ್ತು.

“ಊಟ... ಇಲ್ಲ ಆಂಟಿ,” ಎಂದಳು. “ಅನ್ನ ನುಂಗ್ಲಿಕ್ಕೆ ಆಗೂದಿಲ್ಲ. ಬಾಯಲ್ಲಿ ಹಾಗೇ ಇರ್ತದೆ.”

ಹೇಳಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿದಂತೆ ಅವಳ ಮುಖ ಬದಲಾಯಿತು. ಕೂಡಲೇ ಇಂಗ್ಲಿಷಿಗೆ ಜಿಗಿದಳು. ಸ್ವಲ್ಪ ಬರ್ನ್‌ಔಟ್ ಅಷ್ಟೇ, ಈ ಮೂರು ತಿಂಗಳ ಕ್ವಾರ್ಟರ್ ಮುಗಿದರೆ ಸರಿಹೋಗುತ್ತದೆ, ಎಲ್ಲ ಫೌಂಡರುಗಳಿಗೂ ಇದ್ದದ್ದೇ ಎಂದಳು. ಮತ್ತೆ ಅದೇ ನಗು.

“ಇಂಗ್ಲಿಷ್ ಬ್ಯಾಡ,” ಎಂದೆ. “ನಮ್ಮ ಮಾತಿನಾಗ ಹೇಳು.”

“ಆ ವರ್ಡ್ಸ್ ನಂಗೆ ಕನ್ನಡದಲ್ಲಿ ಬರೂದಿಲ್ಲ ಆಂಟಿ.”

“ಎಷ್ಟು ಬರ್ತದೋ ಅಷ್ಟ ಹೇಳು.”

ಲ್ಯಾಪ್‌ಟಾಪ್ ಮುಚ್ಚಿದಳು. ಆ ಬೆಂಚಿನ ಮೇಲೆ ನಾನು ನೋಡಿದ್ದನ್ನು ಹೇಗೆ ಬರೆಯಲಿ! ಇಷ್ಟು ಹೊತ್ತು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹಾರುತ್ತಿದ್ದ ಹುಡುಗಿ, ಒಂದೊಂದೇ ಪದಕ್ಕೆ ತಡಕಾಡುತ್ತಿದ್ದಳು.

“ಬೆಳಿಗ್ಗೆ ಏಳ್ಲಿಕ್ಕೆ ಬೇಜಾರು... ಬೇಜಾರಲ್ಲ. ಹೆದರಿಕೆ. ಎಲ್ಲ ದೂರ ಉಂಟು. ಅಮ್ಮ ಮಾತಾಡಿದ್ರೆ ಪಕ್ಕದ ಮನೆಯಿಂದ ಕೇಳಿದ ಹಾಗೆ. ನಾನು ನಗ್ತೇನಲ್ಲ, ಅದು ನಾನಲ್ಲ. ನನ್ನ ಒಳಗೆ ಯಾರೂ ಇಲ್ಲ ಆಂಟಿ.”

ಇಂಗ್ಲಿಷಿನಲ್ಲಿ ಅವಳ ಹತ್ತಿರ ಎಲ್ಲದಕ್ಕೂ ಸಿದ್ಧ ಉತ್ತರವಿತ್ತು. ಕನ್ನಡದಲ್ಲಿ ಅವಳು ಇನ್ನೂ ಅಮ್ಮನ ಸೆರಗು ಹಿಡಿದ ಮಗು. ಆ ಭಾಷೆಯಲ್ಲಿ ಮರೆಮಾಚುವುದನ್ನು ಅವಳು ಕಲಿತೇ ಇರಲಿಲ್ಲ.

ನಾನು ಕೇಳಿದೆ: “ಸತ್ತ ಹೋಗಬೇಕು ಅಂತ ಅನಸ್ತದೇನು, ಚೈತ್ರಾ?”

“ಹೌದು,” ಎಂದಳು. ತಡಮಾಡಲೇ ಇಲ್ಲ. “ದಿನಾ.” ಲ್ಯಾಪ್‌ಟಾಪನ್ನು ಎದೆಗೆ ಒತ್ತಿಕೊಂಡು, “ಯಾರೂ ಕೇಳ್ಲಿಲ್ಲ,” ಎಂದಳು.

ಅವಳ ಕೈ ಹಿಡಿದುಕೊಂಡೆ. “ಇವತ್ತ ನಿನ್ನ ಒಬ್ಬಾಕಿನ್ನ ಬಿಡಂಗಿಲ್ಲ,” ಎಂದೆ. ಅವಳು ಬೇಡವೆನ್ನಲಿಲ್ಲ. ಆಗ ಬಾಗಿಲು ತೆರೆದು ಹರ್ಷ ಹೊರಗೆ ಬಂದ. ಬೆಂಚಿನ ಮೇಲೆ ಕುಳಿತಿದ್ದ ಅವಳ ಮುಖ ನೋಡಿದವನೇ ಅವಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡ. ಒಳಗೆ, ಅವನು ಎದ್ದುಬಂದ ಕುರ್ಚಿಯಲ್ಲಿ ಅವಳು ಕುಳಿತಳು. ಮೀನಾಬೆನ್ ತುಂಬ ಹೊತ್ತು ಮಾತಾಡಿದರು. ಇದು ತೀವ್ರ ಖಿನ್ನತೆ, ಕೆಲವು ಕಾಲ ಆಸ್ಪತ್ರೆಯಲ್ಲಿ ಇರುವುದು ಒಳ್ಳೆಯದು, ಔಷಧ ಇವತ್ತೇ ಶುರು, ಮನೆಯವರಿಗೆ ಇವತ್ತೇ ಹೇಳಬೇಕು ಎಂದರು. ಚೈತ್ರಾ ಒಪ್ಪಿದಳು. “ಅಪ್ಪನಿಗೆ ನೀವೇ ಹೇಳಿ ಆಂಟಿ. ನಂಗೆ ಆಗೂದಿಲ್ಲ,” ಎಂದಳು.

ನಾವು ಮಣಿನಗರಕ್ಕೆ ಹೋದಾಗ ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಹೋಟೆಲಿನ ಹಿಂದಿನ ಕೋಣೆಯಲ್ಲಿ ಚೈತ್ರಾಳ ತಾಯಿ ಅವಳನ್ನು ಒತ್ತಿಕೊಂಡು ಕುಳಿತರು. ಸದಾನಂದರು ನಿಂತೇ ಇದ್ದರು. ನಾನು ಹೇಳಬೇಕಾದ್ದನ್ನು ಹೇಳಿದೆ.

“ಎಂತ ಹೇಳ್ತೀರಿ ಮೇಡಂ?” ಎಂದರು ಸದಾನಂದರು. “ಕಂಪೆನಿ ಚೆನ್ನಾಗಿ ನಡೀತಾ ಉಂಟು. ಪೇಪರಲ್ಲಿ ಫೋಟೋ ಬಂತು. ಇವಳಿಗೆ ಎಂತ ಕಮ್ಮಿ ಉಂಟು?”

ಏನೂ ಕಡಿಮೆಯಿಲ್ಲ, ಜ್ವರ ಬಂದ ಹಾಗೆ ಇದೂ ಬರುತ್ತದೆ ಎಂದೆ. ಕೆಲಸ ಕೆಟ್ಟಾಗಲೇ ಬರಬೇಕೆಂದಿಲ್ಲ. ಚೆನ್ನಾಗಿ ನಡೆಯುವಾಗ ಬಂದರೆ ಹೇಳಿಕೊಳ್ಳುವುದು ಇನ್ನೂ ಕಷ್ಟ ಎಂದೆ. ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಮಗಳ ಎದುರು ನೆಲದ ಮೇಲೆ ಕುಳಿತು, “ಮಗಾ, ನಂಗೆ ಯಾಕೆ ಹೇಳ್ಲಿಲ್ಲ?” ಎಂದರು. ಅವಳು ತಲೆ ಎತ್ತಲಿಲ್ಲ. “ನೀವು ಅಷ್ಟು ಖುಷಿಯಲ್ಲಿ ಇದ್ರಿ ಅಪ್ಪ,” ಎಂದಳು.

ಮರುದಿನ ಅವಳನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ನಾನು ಹೋಟೆಲಿನ ಕಡೆ ಹೋದೆ. ಗಲ್ಲಾದ ಹಿಂದಿನ ಗೋಡೆಯಲ್ಲಿ ದೇವರ ಪಟ ಮಾತ್ರ ಇತ್ತು. ಪಕ್ಕದಲ್ಲಿ ಚೌಕಟ್ಟಿನ ಬಿಳಿ ಗುರುತು. ನಾನು ನೋಡುವುದನ್ನು ಸದಾನಂದರು ನೋಡಿದರು.

“ತೆಗೆದಿಟ್ಟೆ ಮೇಡಂ. ಅದು ಎದುರಿದ್ರೆ ಅವಳಿಗೆ ಸುಸ್ತಾಗ್ಲಿಕ್ಕೂ ಬಿಡೂದಿಲ್ಲ ಅಲ್ವಾ?”

ಅವರಿಗೆ ಇದನ್ನು ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ಎಂಥ ತಂದೆ ಎಂದು ಬೆರಗಾಗಿ ನಿಂತೆ.

ಇನ್ನೊಂದು ಬೆರಗು ಹರ್ಷನದು. ಆ ವಾರ ಸೂರತ್‌ನ ಪಾಂಡೇಸರಾದಲ್ಲಿ ಮಿಲ್ ಮಾಲೀಕರ ಜೊತೆ ದೊಡ್ಡದೊಂದು ಮಾತುಕತೆ ಇತ್ತು. ಅಂಥಲ್ಲಿ ಮಾತಾಡುತ್ತಿದ್ದವಳು ಯಾವಾಗಲೂ ಚೈತ್ರಾ. ಹರ್ಷ ಯಂತ್ರ ಜೋಡಿಸಿ ಮೂಲೆಯಲ್ಲಿ ನಿಲ್ಲುವವನು. ಮುಂದೂಡು ಎಂದು ಎಲ್ಲರೂ ಹೇಳಿದರು. ಅವನು ಚೈತ್ರಾಳನ್ನು ಆಸ್ಪತ್ರೆಯಲ್ಲಿ ಕಂಡು, “ಏನು ಹೇಳಲಿ?” ಎಂದು ಕೇಳಿದ. ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದವಳು, “ನಿಜ ಹೇಳು,” ಎಂದಳು.

ಹೋದ. ಮೆಟ್ಟಿಲು ಹತ್ತುವಾಗಲೇ ಎದೆ ಬಡಿತ ಶುರುವಾಗಿತ್ತಂತೆ. ಮೇಜಿನ ಸುತ್ತ ಸೇಠ್‌ಗಳು, ಹೊರಗೆ ಮಿಲ್ಲಿನ ಸದ್ದು. ಅವನು ಎದ್ದು ನಿಂತು ಗುಜರಾತಿಯಲ್ಲಿ ಹೇಳಿದ: ನಮ್ಮ ಚೈತ್ರಾಬೆನ್ ಆಸ್ಪತ್ರೆಯಲ್ಲಿದ್ದಾರೆ, ಮನಸ್ಸಿನ ಕಾಯಿಲೆ. ನಾನೂ ಔಷಧ ತೆಗೆದುಕೊಳ್ಳುತ್ತೇನೆ. ಈಗ ನಿಮ್ಮೆದುರು ನಿಂತು ನನ್ನ ಕೈ ನಡುಗುತ್ತಿರುವುದು ನಿಮಗೂ ಕಾಣುತ್ತಿದೆ. ಯಂತ್ರ ಕೆಡುವುದಿಲ್ಲ, ಆದರೆ ಹೊಸ ಕೆಲಸ ಕೆಲವು ತಿಂಗಳು ನಿಧಾನವಾಗುತ್ತದೆ. ಬೇಡವೆನ್ನುವವರು ಈಗಲೇ ಹೇಳಿಬಿಡಿ.

ಆ ಸೇಠ್‌ಗಳಲ್ಲೆಲ್ಲ ಹಿರಿಯರು, ಬೈಗುಳಕ್ಕೆ ಹೆಸರಾದ ಒಬ್ಬ ಮಾಲೀಕರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಪಹೆಲಾ ಛೋಕರಿ, ಪಛೀ ಮಶೀನ್,” ಎಂದರು. ಮೊದಲು ಹುಡುಗಿ, ಆಮೇಲೆ ಯಂತ್ರ. ಅನಂತರ ತೀರಿಹೋದ ತಮ್ಮನ ಹೆಸರು ಹೇಳಿದರು. ಅವನಿಗೂ ಹೀಗೇ ಆಗಿತ್ತು, ಮನೆಯವರು ಯಾರಿಗೂ ಹೇಳಿರಲಿಲ್ಲ. ಅಷ್ಟೇ ಹೇಳಿ ಚಹಾ ತರಿಸಿದರು. ಒಬ್ಬಿಬ್ಬರು ಮಾಲೀಕರು ಬಿಟ್ಟುಹೋದರು. ಉಳಿದವರು ಉಳಿದರು. ಅಂದು ಸಂಜೆ ಹರ್ಷ ಫೋನ್ ಮಾಡಿ ಇದನ್ನೆಲ್ಲ ಹೇಳುವಾಗ, “ಬೆನ್, ನಾನು ಸಾಯಲಿಲ್ಲ!” ಎಂದು ನಗುತ್ತ ಅಳುತ್ತಿದ್ದ.

ಕಿರಿಯರಿಗೆ ಒಂದು ಮಾತು. ಔಷಧ ಶುರುವಾದ ಕೂಡಲೇ ಏನೂ ಆಗುವುದಿಲ್ಲ. ಮೊದಲ ವಾರಗಳಲ್ಲಿ ಮನೆಯವರು ನಿಮ್ಮ ಮುಖ ನೋಡುತ್ತಾರೆ, ನೀವು ಡಾಕ್ಟರ ಮುಖ ನೋಡುತ್ತೀರಿ. ಚೈತ್ರಾ ಹಾಗೆಯೇ ಇದ್ದಳು. ತಾಯಿ ಮನೆಯಿಂದ ತಂದದ್ದನ್ನು ಒಂದೆರಡು ತುತ್ತು ನುಂಗುವಳು, ಮತ್ತೆ ಗೋಡೆಯ ಕಡೆ ತಿರುಗುವಳು. ಗುಣದ ಮೊದಲ ಚಿಹ್ನೆ ದೊಡ್ಡದಾಗಿ ಇರುತ್ತದೆಂದು ಕಾಯಬೇಡಿ. ಒಂದು ದಿನ ತಾಯಿಗೆ ಪುರುಸೊತ್ತಾಗದೆ ಸದಾನಂದರು ಹೋಟೆಲಿನ ಸಾಂಬಾರನ್ನೇ ತಂದರು. ಅಲ್ಲಿನ ಗುಜರಾತಿ ಗಿರಾಕಿಗಳ ಸಿಹಿ ರುಚಿಗೆ ತಕ್ಕಂತೆ ಅದಕ್ಕೆ ಬೆಲ್ಲ ಜಾಸ್ತಿ. ಚೈತ್ರಾ ಒಂದು ಚಮಚ ಬಾಯಿಗಿಟ್ಟು ಮುಖ ಹುಳ್ಳಗೆ ಮಾಡಿದಳು.

“ಅಪ್ಪಾ, ಇದೆಂತ? ಪಾಯಸವಾ?”

ಸದಾನಂದರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಅವರು ಡಬ್ಬಿ ಹಿಡಿದುಕೊಂಡೇ ಹೊರಗೆ ಹೋಗಿ, ಮೊಗಸಾಲೆಯಲ್ಲಿ ಸಿಕ್ಕ ನರ್ಸುಗಳಿಗೆಲ್ಲ, “ಸಾಂಬಾರು ಚೆನ್ನಾಗಿಲ್ಲವಂತೆ! ಸಾಂಬಾರು ಚೆನ್ನಾಗಿಲ್ಲವಂತೆ!” ಎಂದು ಹಿಂದಿಯಲ್ಲಿ ಹೇಳುತ್ತ ಹೋದರು. ಎಷ್ಟೋ ಜನ ಗುಣವಾಗುವುದನ್ನು ನಾನು ನೋಡಿದ್ದೇನೆ. ಆದರೂ ಆ ಕ್ಷಣದಲ್ಲಿ ಮೈ ಜುಮ್ಮೆಂದಿತು. ಅಷ್ಟು ಕತ್ತಲೆಯಿಂದ ನಾಲಿಗೆಯ ರುಚಿ ಹೇಗೆ ತಾನಾಗಿ ದಾರಿ ಹುಡುಕಿಕೊಂಡು ಬಂತು? ಮೀನಾಬೆನ್‌ಗೆ ಕೇಳಿದೆ. “ಔಷಧದ ಹೆಸರು ಬೇಕಾದರೆ ಹೇಳುತ್ತೇನೆ,” ಎಂದರು ಅವರು. “ನೀನು ಕೇಳುತ್ತಿರುವುದಕ್ಕೆ ಉತ್ತರ ನನಗೂ ಗೊತ್ತಿಲ್ಲ.”

ಮುಂದೆ ಎಲ್ಲವೂ ನೇರವಾಗಿ ನಡೆಯಿತೆಂದಲ್ಲ. ಮನೆಗೆ ಬಂದ ಮೇಲೂ ಕೆಟ್ಟ ದಿನಗಳು ಇದ್ದವು. ಕೆಲಸಕ್ಕೆ ಹೋದಳು, ಮತ್ತೆ ಬಿಟ್ಟು ಮಲಗಿದಳು, ಮತ್ತೆ ಹೋದಳು. ಕೊನೆಗೆ ಕಂಪೆನಿಯ ಮುಖ್ಯಸ್ಥೆಯ ಜಾಗವನ್ನು ತಾನೇ ಹರ್ಷನಿಗೆ ಬಿಟ್ಟುಕೊಟ್ಟು, ನೀರಿನ ಬಣ್ಣ ಪರೀಕ್ಷೆ ಮಾಡುವ ಲ್ಯಾಬಿಗೆ ಹೋದಳು. ಮೊದಲು ಅವಳನ್ನು ಈ ಕೆಲಸಕ್ಕೆ ಎಳೆದದ್ದೇ ಅದು, ಮಾತಲ್ಲ. ಪತ್ರಿಕೆಯವರು ಈಗ ಅವಳನ್ನು ಕೇಳುವುದಿಲ್ಲ. ಹರ್ಷ ಲಿಫ್ಟು ಹತ್ತುತ್ತಾನೆ, ಒಬ್ಬನೇ ಅಲ್ಲ, ಯಾರಾದರೂ ಜೊತೆಗಿದ್ದರೆ.

ನಾನು ಕೇಂದ್ರದ ಕೆಲಸವನ್ನೂ ಬಿಟ್ಟ ವರ್ಷ ಚೈತ್ರಾ ಫೋನ್ ಮಾಡಿ ಸೂರತ್‌ಗೆ ಕರೆದಳು. ಸದಾನಂದರು ಹಬ್ಬದ ದಿನವೂ ಬಾಗಿಲು ಹಾಕದವರು, ಅಂದು ಹೋಟೆಲು ಮುಚ್ಚಿ ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಲ್ಯಾಬು ನೋಡಿದೆವು. ಗಾಜಿನ ಕೊಳವೆಗಳಲ್ಲಿ ಕೆಂಪು, ನೀಲಿ, ಹಸಿರು ನೀರು. ಊಟವಾದ ಮೇಲೆ ಅವಳೇ ಕಾರು ನಡೆಸಿಕೊಂಡು ಡುಮಸ್ ಕಡಲ ತೀರಕ್ಕೆ ಕರೆದೊಯ್ದಳು.

ಕಡಲ ತಡಿಯ ಊರಿನಲ್ಲಿ ಹುಟ್ಟಿದ ಸದಾನಂದರು ಗುಜರಾತಿಗೆ ಬಂದ ಮೇಲೆ ಸಮುದ್ರವನ್ನೇ ನೋಡಿರಲಿಲ್ಲವಂತೆ. “ಇದೆಂತ ಮೇಡಂ, ಮರಳೆಲ್ಲ ಕಪ್ಪು!” ಎಂದು ಹೀಯಾಳಿಸುತ್ತಲೇ ಚಪ್ಪಲಿ ಬಿಟ್ಟರು. ಪ್ಯಾಂಟು ಮಡಚಿದರು. ಒಂದು ತೆರೆ ಪಾದ ಮುಟ್ಟಿತು, ಇನ್ನೊಂದು ಮೊಣಕಾಲು. ಅವರು ಮುಂದೆ ಮುಂದೆ ಹೋದರು. ಮೂರನೆಯದು ಸೊಂಟಕ್ಕೇ ಬಡಿಯಿತು. ಅವರು ಎರಡೂ ಕೈ ಎತ್ತಿ ಮಕ್ಕಳ ಹಾಗೆ ಕೂಗಿದರು.

“ಅಪ್ಪಾ, ಸಾಕು ಬನ್ನಿ!” ಚೈತ್ರಾ ದಡದಿಂದ ಕಿರುಚಿದಳು. “ಎಲ್ಲ ಒದ್ದೆ ಆಯ್ತು. ಕಾರಲ್ಲಿ ಹೇಗೆ ಕೂರ್ತೀರಿ? ಬೇರೆ ಬಟ್ಟೆ ತಂದಿಲ್ಲ. ಮನೆಗೆ ಹೋಗುವಷ್ಟರಲ್ಲಿ ಶೀತ ಆಗ್ತದೆ!” ಆಮೇಲೆ ನನ್ನ ಕಡೆ ತಿರುಗಿ, ಸೊಂಟಕ್ಕೆ ಕೈಯಿಟ್ಟು, “ನೋಡಿ ಆಂಟಿ, ಇವರಿಗೆ ಸ್ವಲ್ಪನಾದ್ರೂ ಮುಂದಿನ ಯೋಚನೆ ಉಂಟಾ?” ಎಂದಳು.

ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಂದು ಬೆಂಚಿನ ಮೇಲೆ ‘ದಿನಾ’ ಎಂದಿದ್ದ ಹುಡುಗಿ ಇಂದು ಮುಂದಿನ ಯೋಚನೆಯ ಮಾತಾಡುವುದನ್ನು ನೋಡುತ್ತ ನಿಂತೆ.